ಸೂರ್‌ನಲ್ಲಿ ಆಂಟಿ ಹೇಳಿದ ಸಲಾಂ

ಈ ಸಲದ ಮೊದಲ ಸ್ನೋ ಬಿದ್ದ ಮರುದಿನ ಬೇಸ್‌ಮೆಂಟಿನ ಕ್ಲಾಸೆಟ್‌ನಿಂದ ಹಳೆಯ ದಪ್ಪ ಕೋಟನ್ನು ಹೊರಗೆಳೆದೆ. ಹೊಸದರ ಜಿಪ್ ಕಿತ್ತುಹೋಗಿತ್ತು, ಇಲ್ಲದಿದ್ದರೆ ಗೋಣಿಯಂಥ ಆ ಕೋಟನ್ನು ನಾನು ಮತ್ತೆ ಮುಟ್ಟುತ್ತಿರಲಿಲ್ಲ. ಜೇಬಿಗೆ ಕೈ ಹಾಕಿದರೆ ಒಂದು ಪುಟ್ಟ ಪೊಟ್ಟಣ. ಬಿಚ್ಚುವ ಮುಂಚೆಯೇ ಮೂಗಿಗೆ ಗೊತ್ತಾಯಿತು... ಲುಬಾನ್. ಒಮಾನಿನಲ್ಲಿ ಮರದ ತೊಗಟೆ ಕೆತ್ತಿ ತೆಗೆಯುವ ಅಂಟು. ನಮ್ಮ ಸಾಂಬ್ರಾಣಿಯ ನೆಂಟನೇ, ಆದರೆ ನಿಂಬೆಸಿಪ್ಪೆಯ ವಾಸನೆಯೂ ಒಂದಿಷ್ಟು ಬೆರೆತಿರುತ್ತದೆ. ಅದನ್ನು ನನ್ನ ಜೇಬಿಗೆ ತುರುಕಿದವರು ಪಕ್ಕದ ಮನೆಯ ಆಂಟಿ. ನಾನು ಮೆಟ್ಟಿಲ ಮೇಲೇ ಕೂತುಬಿಟ್ಟೆ.

ನ್ಯೂಜೆರ್ಸಿಯ ಬ್ರಿಡ್ಜ್‌ವಾಟರಿನಲ್ಲಿ ನಮ್ಮ ಟೌನ್‌ಹೌಸಿಗೂ ಅವರದಕ್ಕೂ ನಡುವೆ ಒಂದೇ ಗೋಡೆ. ಆಂಟಿ ಮೈಸೂರಿನ ಮುಸ್ಲಿಂ ಮನೆತನದವರು. ಅಂಕಲ್ ತೀರಿಕೊಂಡ ಮೇಲೆ ಒಬ್ಬರೇ ಇದ್ದರು, ಇಬ್ಬರು ಗಂಡುಮಕ್ಕಳು ಬೇರೆ ಬೇರೆ ಸ್ಟೇಟುಗಳಲ್ಲಿ. ನಾನು ಹಬ್ಬಕ್ಕೆ ಒಬ್ಬಟ್ಟು ಕೊಟ್ಟರೆ "ಹೂರಣ ನುಣ್ಣಗಾಗಿಲ್ಲ ಕಣಮ್ಮ" ಎಂದು ಹುಳುಕು ತೆಗೆಯುತ್ತಲೇ ಎರಡನೆಯದಕ್ಕೆ ಕೈ ಹಾಕುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಆದರೂ ಮುಂದಿನ ಹಬ್ಬಕ್ಕೆ ಮೊದಲ ತಟ್ಟೆ ಅವರಿಗೇ.

ಒಂದು ಮಧ್ಯಾಹ್ನ ಟೀ ಕುಡಿಯುತ್ತಾ ತಾವು ಕಳೆದುಕೊಂಡ ಮಗುವಿನ ವಿಷಯ ಹೇಳಿದರು. ಮದುವೆಯಾದ ಹೊಸದರಲ್ಲಿ ಅಂಕಲ್‌ಗೆ ಒಮಾನಿನ ಸೂರ್ ಎಂಬ ಕಡಲೂರಿನ ಪವರ್ ಹೌಸಿನಲ್ಲಿ ಕೆಲಸವಿತ್ತಂತೆ. ಅಲ್ಲಿ ಹುಟ್ಟಿದ ಮೊದಲ ಮಗಳು ಮೊಲೆಹಾಲು ಬಿಡುವ ಮುಂಚೆಯೇ ಜ್ವರ ಬಂದು ತೀರಿಕೊಂಡಳು. ಮಣ್ಣು ಮಾಡುವಲ್ಲಿಗೆ ಹೆಂಗಸರು ಹೋಗುವ ಪದ್ಧತಿ ಇರಲಿಲ್ಲ. ಅಂಕಲ್ ಮಗುವನ್ನು ಎತ್ತಿಕೊಂಡು ಹೊರಟರು, ಆಂಟಿ ಬಾಗಿಲಲ್ಲಿ ನಿಂತರು. ಆಮೇಲೆ ಬೇರೆ ಊರಿಗೆ ವರ್ಗವಾಯಿತು, ಆಮೇಲೆ ಅಮೆರಿಕ... ಮಗಳ ಗೋರಿಯನ್ನು ಅವರು ಕಣ್ಣಿಂದ ನೋಡಿರಲೇ ಇಲ್ಲ. ಲೈಟ್‌ಹೌಸ್ ಕಾಣುವ ಖಬರಸ್ತಾನ ಎಂದು ಅಂಕಲ್ ಹೇಳಿದ್ದಷ್ಟೇ ಗುರುತು.

"ಒಂದ್ಸಲ ಅವಳ ಹತ್ರ ನಿಂತ್ಕೊಂಡು ಸಲಾಂ ಹೇಳ್ಬೇಕು ಕಣಮ್ಮ, ಅಷ್ಟೆ. ಹುಡುಗರಿಗೆ ಹೇಳಿದ್ರೆ, ನೋ ಅಮ್ಮಿ, ನಾಟ್ ಅಟ್ ಯುವರ್ ಏಜ್ ಅಂತಾರೆ."

ಆ ಡಿಸೆಂಬರಿನಲ್ಲಿ ನಾನು ಅಣ್ಣನ ಮಗಳ ಮದುವೆಗೆ ಮೈಸೂರಿಗೆ ಹೊರಟಿದ್ದೆ. ಆಂಟಿಯೂ ತಂಗಿಯ ಮನೆಗೆಂದು ಅದೇ ವಿಮಾನಕ್ಕೆ ಟಿಕೆಟ್ ಮಾಡಿಸಿಕೊಂಡರು. ದಾರಿಯಲ್ಲಿ ಮಸ್ಕತ್‌ನಲ್ಲಿ ಇಳಿದು ಕೆಲವು ದಿನ ಇದ್ದು ಹೋಗುವುದೆಂದು ನಾವಿಬ್ಬರೇ ನಿಶ್ಚಯ ಮಾಡಿದೆವು.

ಇಷ್ಟು ದೂರ ಬಂದ ಮೇಲೆ ನಾಲ್ಕು ಊರು ನೋಡದೆ ಹೋಗುವ ಜಾಯಮಾನ ನನ್ನದಲ್ಲ. ಮತ್ರಾದ ಕಡಲದಂಡೆಯ ಬಿಳಿ ಮನೆಗಳು, ಬೆಳಗಿನ ಮೀನು ಮಾರುಕಟ್ಟೆ, ಒಳನಾಡಿನ ಹಳೆಯ ರಾಜಧಾನಿ ನಿಜ್ವಾ, ಅಲ್ಲಿನ ದುಂಡು ಕೋಟೆ... ಕೋಟೆಯ ಮೆಟ್ಟಿಲು ಕಂಡೊಡನೆ ಆಂಟಿಗೆ ಮಂಡಿನೋವು. ಪಕ್ಕದ ಪೇಟೆಗೆ ಹೊಕ್ಕರೆ ಮಂಡಿಯ ಸುದ್ದಿಯೇ ಇಲ್ಲ! ಒಂದೊಂದೇ ಲುಬಾನ್ ಹರಳನ್ನು ಬೆಳಕಿಗೆ ಹಿಡಿದು, ಹಸಿರು ಛಾಯೆ ಇದ್ದದ್ದನ್ನು ಮಾತ್ರ ಆರಿಸಿ, ಅಂಗಡಿಯವನ ತಲೆ ತಿಂದರು. ಅದರ ನಡುವೆಯೂ ಮತ್ತೆ ಮತ್ತೆ ಒಂದೇ ಪ್ರಶ್ನೆ. "ಸೂರ್‌ಗೆ ಯಾವತ್ತಮ್ಮ?"

ಕಡಲನ್ನು ಎಡಕ್ಕೂ ಬೋಳು ಬೆಟ್ಟಗಳನ್ನು ಬಲಕ್ಕೂ ಇಟ್ಟುಕೊಂಡು ನಾನೇ ಡ್ರೈವ್ ಮಾಡಿದೆ. ಸೂರ್‌ನಲ್ಲಿ ಮರದ ಹಡಗು ಕಟ್ಟುವ ಅಂಗಳವಿತ್ತು. ಹಿಂದೆ ಅದಕ್ಕೆ ತೇಗ ನಮ್ಮ ಪಶ್ಚಿಮ ಕರಾವಳಿಯಿಂದ ಬರುತ್ತಿತ್ತಂತೆ. ಆಂಟಿ ಅತ್ತ ತಿರುಗಿಯೂ ನೋಡಲಿಲ್ಲ. ಹಿನ್ನೀರಿನ ಆಚೆ ಬಿಳಿ ಲೈಟ್‌ಹೌಸ್ ಕಂಡದ್ದೇ ನನ್ನ ತೋಳು ಹಿಡಿದರು.

ಖಬರಸ್ತಾನವೆಂದರೆ ಜಲ್ಲಿ ಹರಡಿದ ಬಯಲು. ಗೋರಿ ಕಟ್ಟಿಲ್ಲ, ಫಲಕವಿಲ್ಲ, ಎಲ್ಲೂ ಒಂದು ಅಕ್ಷರವಿಲ್ಲ. ಬರೀ ನಿಲ್ಲಿಸಿದ ಕಲ್ಲುಗಳು. ಹತ್ತಿರದಲ್ಲಿ ಬಲೆ ಹೊಲಿಯುತ್ತಿದ್ದ ಮುದುಕರೊಬ್ಬರಿಗೆ ಹಿಂದಿ ಬರುತ್ತಿತ್ತು. ಗಂಡಸಿಗೆ ಎರಡು ಕಲ್ಲು, ಹೆಂಗಸಿಗೆ ಮೂರು, ಹೆಸರು ಬರೆಯುವ ವಾಡಿಕೆ ನಮ್ಮಲ್ಲಿಲ್ಲ ಎಂದರು. ಆಂಟಿ ಒಳಗೆ ಕಾಲಿಡಲು ಹಿಂಜರಿದಾಗ ಅವರೇ, "ತಾಯಿ ತಾನೇ, ಹೋಗಲಿ" ಎಂದು ನನ್ನತ್ತ ನೋಡಿ ತಲೆಯಾಡಿಸಿದರು.

ಮಗುವಿನ ಅಳತೆಯಲ್ಲಿ ಮೂರು ಕಲ್ಲು ನಿಲ್ಲಿಸಿದ ಜಾಗವೊಂದು ಕಂಡಿತು. ಆಂಟಿ ಅಲ್ಲಿಗೆ ಓಡಿದಂತೆ ನಡೆದರು. ಅದರ ಆಚೆ ಅಂಥದೇ ಇನ್ನೊಂದು. ಅದರಾಚೆ ಒಂದು ಸಾಲೇ ಇತ್ತು... ಆ ಊರಿನಲ್ಲಿ ಆಗ ಎಷ್ಟು ತಾಯಂದಿರು ಬಾಗಿಲಲ್ಲಿ ನಿಂತಿದ್ದರೋ. ಆಂಟಿ ಒಂದೊಂದರ ಮುಂದೆಯೂ ಬಾಗಿ ನೋಡಿದರು, ಕಲ್ಲನ್ನು ಸವರಿದರು. ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತುಬಿಟ್ಟರು. ನನಗೆ ಅಳು ತಡೆಯಲಾಗಲಿಲ್ಲ. ಅವರು ಅಳಲಿಲ್ಲ.

"ಒಬ್ಬಳಿಗೆ ಅಂತ ಬಂದೆ. ಇರ್ಲಿ ಬಿಡು, ಎಲ್ರಿಗೂ ಹೇಳ್ಬಿಡ್ತೀನಿ, ಅವಳಿಗೂ ಸೇರತ್ತೆ" ಎಂದರು. ದುಪಟ್ಟಾ ಸರಿಮಾಡಿಕೊಂಡು, ಇಡೀ ಬಯಲಿಗೆ ಕೇಳುವ ಹಾಗೆ ಗಟ್ಟಿಯಾಗಿ ಸಲಾಂ ಹೇಳಿದರು. ಆಮೇಲೆ ಕಾರಿನಲ್ಲಿ ಕೂತು ಹಸಿವಾಗುತ್ತಿದೆ ಎಂದರು. ಮೀನು ಅನ್ನ ತಿಂದೆವು. ನ್ಯೂವಾರ್ಕಿಗೆ ಮರಳಿ ಇಳಿದ ದಿನ ಏರ್‌ಪೋರ್ಟಿನ ಹೊರಗೆ ಚಳಿಯಲ್ಲಿ ನಡುಗುತ್ತಾ ಈ ಪೊಟ್ಟಣವನ್ನು ನನ್ನ ಜೇಬಿಗೆ ಹಾಕಿದರು. ನಾನು ಮರೆತೇಬಿಟ್ಟಿದ್ದೆ.

ಹೋದ ಚಳಿಗಾಲದ ಕೊನೆಯಲ್ಲಿ ಆಂಟಿ ಹೋದರು. ಇಲ್ಲೇ ಜೆರ್ಸಿಯಲ್ಲಿ ಮಣ್ಣು ಮಾಡಿದರು. ಅವರ ಮನೆಯ ಪದ್ಧತಿಯಂತೆ ಗಂಡಸರು ಮುಂದೆ ಹೋದರು, ನಾವು ಹೆಂಗಸರು ಕಾರುಗಳ ಹತ್ತಿರವೇ ಉಳಿದೆವು. ಆಮೇಲೆ ಅಲ್ಲಿಗೆ ಹೋಗಲು ನನಗೆ ಧೈರ್ಯ ಬಂದಿರಲಿಲ್ಲ.

ಮೊನ್ನೆ ಅದೇ ಕೋಟು ಹಾಕಿಕೊಂಡು ಹೋದೆ. ಅಲ್ಲಿ ಹೆಸರು ಕೆತ್ತಿದ ಕಲ್ಲುಗಳಿವೆ, ಆದರೆ ಎಲ್ಲವೂ ನೆಲಮಟ್ಟಕ್ಕೆ ಮಲಗಿಸಿದವು. ಎಲ್ಲದರ ಮೇಲೂ ಸ್ನೋ. ಭಾನುವಾರ, ಆಫೀಸಿಗೆ ಬೀಗ. ದೂರದಿಂದ ನೋಡಿದ್ದ ಅಂದಾಜಿನ ಮೇಲೆ ಒಂದೆರಡು ಕಡೆ ಕೈಯಿಂದ ಸ್ನೋ ಸರಿಸಿದೆ. ಯಾರ್ಯಾರದೋ ಹೆಸರು. ಬೆರಳು ಮರಗಟ್ಟಿದವು. ಆಂಟಿ ಇಲ್ಲೇ ಎಲ್ಲೋ ಇದ್ದರು, ನನಗೆ ಸಿಗುತ್ತಿರಲಿಲ್ಲ. ಅವರು ಆವತ್ತು ಅಳದೆ ಹೇಗೆ ನಿಂತಿದ್ದರೋ, ನನ್ನಿಂದಂತೂ ಆಗಲಿಲ್ಲ.

ಮೂಗು ಒರೆಸಿಕೊಂಡೆ. ಸುತ್ತ ಯಾರೂ ಇರಲಿಲ್ಲ. ಆ ಬಿಳಿ ಬಯಲಿನಲ್ಲಿದ್ದ ಎಲ್ಲರಿಗೂ ಕೇಳುವ ಹಾಗೆ, ಗಟ್ಟಿಯಾಗಿ ಸಲಾಂ ಹೇಳಿದೆ.