ಜ್ವರ ನೋಡುವ ಕೆಲಸ

ರಾಯಚೂರಿನ ನಮ್ಮ ಮನೆಗೆ ಬೀಗ ಹಾಕಿ, ಅದನ್ನು ಮೂರು ಸಲ ಜಗ್ಗಿ, ಬಸ್ ನಿಲ್ದಾಣದಿಂದ ಮತ್ತೊಮ್ಮೆ ವಾಪಸು ಬಂದು ಜಗ್ಗುವವನು ನಾನು. ಹಾಗಾಗಿ ಕಾಯಿಲೆ ಮಕ್ಕಳ ಶಿಬಿರದಲ್ಲಿ ಜ್ವರ ನೋಡುವ ಕೆಲಸ ನನ್ನ ಪಾಲಿಗೇ ಬಂತು.

ಶಿಬಿರ ವರ್ಷಕ್ಕೆ ಎರಡು ದಿನ, ನೀರಮಾನ್ವಿ ಹತ್ತಿರದ ಶಾಲೆಯೊಂದರ ಬಯಲಿನಲ್ಲಿ. ನಡೆಸುವವರು ರೇಸ್ ಕಾರು ಓಡಿಸುವ ಕೆಲವರು. ಬರುವವರು ರಕ್ತದ ಕ್ಯಾನ್ಸರಿಗೆ ಔಷಧ ನಡೆದಿರುವ ಮಕ್ಕಳು. ಎರಡನೆಯ ದಿನ ಪ್ರತಿ ಮಗುವಿಗೂ ಕಾರಿನಲ್ಲಿ ಬಯಲಿಗೊಂದು ಸುತ್ತು. ನಿಯಮ ಒಂದೇ: ಮೈ ಬಿಸಿಯಿದ್ದರೆ ಕಾರಿಲ್ಲ, ನೇರ ಆಸ್ಪತ್ರೆ. ಇಂಥ ಮಕ್ಕಳನ್ನು ಸಣ್ಣ ಜ್ವರವೂ ಒಂದೇ ದಿನದಲ್ಲಿ ಒಯ್ದುಬಿಡಬಹುದು ಎಂದು ಶಿಬಿರದ ನರ್ಸಮ್ಮ ಹೇಳಿದ್ದರು.

ಆ ವರ್ಷ ಕಾರು ತಂದಿದ್ದವನು ರಾಯಚೂರಿನವನೇ, ಲಾರಿ ಗ್ಯಾರೇಜಿನವರ ಮಗ. ಹೆಲ್ಮೆಟ್ಟಿನ ಪಟ್ಟಿಗಳನ್ನು ನಾನು ಎರಡನೆಯ ಸಲ ಎಳೆದು ನೋಡುವಾಗ, “ಸರ, ನನ್ ಗಾಡಿಗೂ ಜ್ವರ ನೋಡ್ರಿ, ಮುಂಜಾನಿಂದ ಕೆಮ್ಮಾಕತ್ತದ,” ಎಂದ. ತಾಯಂದಿರು ನಕ್ಕರು. ಬಾನೆಟ್ ಮುಟ್ಟಿ ನೋಡಿಯಾಗಿದೆ ಎಂದು ನಾನು ಬಾಯಿಬಿಡಲಿಲ್ಲ.

ಅಷ್ಟಕ್ಕೂ ಸಮಾಧಾನವಾಗದೆ, ಆಕ್ಸಿಜನ್ ಸಿಲಿಂಡರ್ ಒಂದೇ ಇದೆಯೆಂದು ನರ್ಸಮ್ಮನ ತಲೆ ತಿಂದು, ಇನ್ನೊಂದನ್ನು ತರಲು ಶಿಬಿರಕ್ಕಿದ್ದ ಒಂದೇ ಅಂಬುಲೆನ್ಸನ್ನು ರಾಯಚೂರಿಗೆ ಕಳಿಸಿದೆ.

ಬೆಳಿಗ್ಗೆ ಎಂಟು ಗಂಟೆಗೆ ಜ್ವರ ನೋಡುವ ಸಾಲಿನಲ್ಲಿ ದೇವದುರ್ಗದ ಹುಡುಗಿ ಬಂದಳು. ಎಂಟು ವರ್ಷದವಳು, ಕೂದಲುದುರಿದ ತಲೆಗೆ ಕೆಂಪು ಟೊಪ್ಪಿಗೆ. ಹಿಂದಿನ ವರ್ಷ ಜ್ವರವಿದೆಯೆಂದು ಅವಳ ಸುತ್ತು ತಪ್ಪಿಸಿದವನು ನಾನೇ.

“ಅಣ್ಣಾ, ಜೋರ್ ಬಿಡ್ತಿಯೇನು?” ಎಂದು ಕಾರಿನವನನ್ನು ಕೇಳಿದಳು.

“ನಿಮ್ ಸರ ಆ ಕಡೆ ನೋಡಿದ್ರ ಬಿಡ್ತೀನಿ ತಂಗಿ.”

ಥರ್ಮಾಮೀಟರ್ ಜ್ವರವಿಲ್ಲ ಎಂದಿತು. ಆದರೆ ಅವಳ ಮೇಲ್ದುಟಿಯ ಮೇಲೆ ಬೆವರಿತ್ತು. ತಣ್ಣನೆ ಗಾಳಿ, ನಾನು ಸ್ವೆಟರ್ ಹಾಕಿಕೊಂಡಿದ್ದೆ.

“ಈಕಿ ಯಾಕ ಬೆವರಾಕತ್ತಾಳವ್ವಾ?”

ತಾಯಿ ಮಗಳ ಟೊಪ್ಪಿಗೆ ಸರಿಮಾಡಿದಳು. “ಖುಷಿಗೆರೀ. ಕಾರ್ ನೋಡ್ಯಾಳಲ್ಲ.”

“ಸರಂದು ಮತ್ತ ಶುರು ಆತು,” ಎಂದರು ಹಿಂದಿನವರಾರೋ.

ನಿಲ್ಲಿಸು ಎಂದು ಒಳಗೆ ಏನೋ ಹೇಳಿತು. ಬೀಗದ ವಿಷಯದಲ್ಲೂ ಅದು ಇಷ್ಟೇ ಗಟ್ಟಿಯಾಗಿ ಹೇಳುತ್ತದೆ. ಒಮ್ಮೆಯಾದರೂ ಧೈರ್ಯಸ್ಥನಂತಿರೋಣವೆಂದು ಅವಳ ಕೈಗೆ ಕಾರಿನ ಚೀಟಿ ಕೊಟ್ಟೆ.

ಅವಳ ಸರದಿ ಬಂದಾಗ ಹತ್ತು ದಾಟಿತ್ತು. ಕಾರು ಅರ್ಧ ಸುತ್ತು ಹೋಗಿ ನಿಂತಿತು. ಆಮೇಲೆ ಬಹಳ ಮೆಲ್ಲಗೆ ನಮ್ಮತ್ತ ಬಂತು.

“ನಡಗಾಕತ್ತಾಳ್ರಿ. ಮೈ ಹಂಚಿನಂಗ ಸುಡ್ತದ,” ಎಂದ ಕಾರಿನವನು.

ನರ್ಸಮ್ಮ ನಾಡಿ ಹಿಡಿದರು. “ಅಂಬುಲೆನ್ಸ್ ಎಲ್ಲದ?”

ಯಾರೂ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು.

ಕಾರಿನಲ್ಲಿ ಇದ್ದದ್ದು ಎರಡೇ ಸೀಟು. ತಾಯಿಯನ್ನು ಕೂರಿಸಿ, ಮಗುವನ್ನು ಅವಳ ತೊಡೆಗೆ ಕೊಟ್ಟು ನಾನೇ ಬೆಲ್ಟ್ ಬಿಗಿದೆ. ಆಗ ತಾಯಿ ನನ್ನ ಕಿವಿಗಷ್ಟೇ ಕೇಳುವಂತೆ ಹೇಳಿದಳು: “ಆರಕ್ಕ ಜ್ವರದ ಗುಳಿಗಿ ಕೊಟ್ಟಿದ್ದೆನ್ರಿ. ಈ ಸಲನೂ ಹೊಳ್ಳಿ ಕಳಸ್ತೀರಿ ಅಂತ.”

ಕಾರು ರಾಯಚೂರಿನ ರಸ್ತೆಗೆ ಹೊರಳಿತು, ಹುಡುಗಿ ಬೇಡಿದ್ದ ಜೋರಿನಲ್ಲಿ. ಅವಳ ಕಣ್ಣು ಮುಚ್ಚಿತ್ತು. ಧೂಳು ಅಡಗಿ ಎಷ್ಟೋ ಹೊತ್ತಾದ ಮೇಲೆ ಅಂಬುಲೆನ್ಸ್ ಬಂದು ನನ್ನ ಮುಂದೆ ಎರಡನೆಯ ಸಿಲಿಂಡರ್ ಇಳಿಸಿತು.

ಹುಡುಗಿ ಬದುಕಿದಳು. ನಾಲ್ಕನೆಯ ದಿನ ಕಣ್ಣು ಬಿಟ್ಟವಳು, ಕಾರು ಎಷ್ಟು ಜೋರು ಹೋಯಿತೆಂದು ತಾಯಿಯನ್ನು ಕೇಳಿದಳಂತೆ.

ಈಗ ನಾನು ಹಣೆಗಿಂತ ಮೊದಲು ತಾಯಂದಿರ ಮುಖ ನೋಡುತ್ತೇನೆ. ಬೆಳಿಗ್ಗೆ ಏನು ಕೊಟ್ಟಿರಿ ಎಂದು ಕೇಳುತ್ತೇನೆ. ಏನೂ ಇಲ್ಲ ಎನ್ನುತ್ತಾರೆ. ಈ ವರ್ಷ ಇಬ್ಬರು, ಹಾಗೆನ್ನುವ ಮೊದಲು, ಆ ತಾಯಿಯ ಹಾಗೆಯೇ ಮಕ್ಕಳ ಟೊಪ್ಪಿಗೆ ಸರಿಮಾಡಿದರು.