ಕೋಥರೂಡದಲ್ಲಿ ಅಳಲು ಕಲಿತದ್ದು

ನನ್ನ ಬೆನ್ನು ಹಿಡಿದುಕೊಂಡಾಗ ಎಲ್ಲರೂ ಟೈಲ್ಸ್ ಪೆಟ್ಟಿಗೆಗಳ ಮೇಲೆ ತಪ್ಪು ಹೊರಿಸಿದರು. ನಾನು ಪುಣೆಯ ಕೋಥರೂಡದ ಟೈಲ್ಸ್ ಅಂಗಡಿಯೊಂದರಲ್ಲಿ ಸೇಲ್ಸ್‌ಮನ್. ದುಡಿದು ದುಡಿದು ಬೆನ್ನು ಹೋಯಿತು ಎಂದು ಹೆಂಡತಿ ಮರುಗಿದಳು. ಆ ಮಾತು ಕಿವಿಗೆ ಹಿತವಾಗಿದ್ದರಿಂದ ನಾನು ತಿದ್ದಲಿಲ್ಲ. ನಿಜವೆಂದರೆ ನಾನು ಪೆಟ್ಟಿಗೆ ಎತ್ತಿ ಎಷ್ಟೋ ವರ್ಷಗಳಾಗಿದ್ದವು. ಅವುಗಳತ್ತ ಬೆರಳು ತೋರಿಸುವುದಷ್ಟೇ ನನ್ನ ಕೆಲಸ. ಬೆರಳು ತೋರಿಸಿ ಬೆನ್ನು ಹಿಡಿಸಿಕೊಂಡ ಮನುಷ್ಯ ಪುಣೆಯಲ್ಲಿ ನಾನೊಬ್ಬನೇ ಇರಬೇಕು.

ಎಕ್ಸ್‌ರೇ ತೆಗೆಸಿದೆ, ಮುಲಾಮು ತಿಕ್ಕಿದೆ, ಬೆಲ್ಟು ಕಟ್ಟಿದೆ. ಎರಡು ಭುಜಗಳ ನಡುವಿನ ಆ ಬಿಗಿ ಸಡಿಲಲಿಲ್ಲ. ಮೂಳೆ ಸರಿಯಾಗಿದೆ ಎಂದು ಡಾಕ್ಟರರು ಹೇಳಿದಾಗ ನನಗೆ ಸಂತೋಷಕ್ಕಿಂತ ಹೆದರಿಕೆಯೇ ಹೆಚ್ಚಾಯಿತು. ಮೂಳೆಯದಲ್ಲದಿದ್ದರೆ ಅದು ಯಾವುದರದ್ದೆಂದು ನನಗೆ ಗೊತ್ತಿತ್ತು.

ಅದು ಅಕ್ಕನದು.

ನಾನು ಅಕ್ಕನ ಬೆನ್ನಿಗೆ ಬಿದ್ದವನು. ಕಲಬುರಗಿ ಕಡೆಯಿಂದ ಅಪ್ಪ, ಅವ್ವ, ಅಕ್ಕ ಮೊದಲೇ ಪುಣೆಗೆ ಬಂದು ಕಟ್ಟಡದ ಕೆಲಸಕ್ಕೆ ಸೇರಿದ್ದರು. ನಾನು ಊರಿನ ಕನ್ನಡ ಶಾಲೆಯಲ್ಲಿ ಏಳನೆಯವರೆಗೆ ಓದಿ ಆಮೇಲೆ ಬಂದೆ. ಅಕ್ಕ ಸಿಮೆಂಟಿನ ಬುಟ್ಟಿ ಹೊತ್ತದ್ದರಿಂದ ನಾನು ಶಾಲೆಯ ಪಾಟಿ ಹೊತ್ತೆ. ಅಪ್ಪ ಅವ್ವ ತೀರಿಕೊಂಡ ಮೇಲೆ ಅಕ್ಕನಿಗೆ ತವರು ಅಂತ ಉಳಿದದ್ದು ನನ್ನ ಮನೆಯೊಂದೇ. ಆ ಬಾಗಿಲನ್ನು ನಾನು ಒಂದು ಪಂಚಮಿಯ ದಿನ ಮುಚ್ಚಿದೆ. ಅದನ್ನು ತೆರೆಯಬೇಕಾದವನೂ ನಾನೇ. ವರ್ಷಗಟ್ಟಲೆ ತೆರೆಯಲಿಲ್ಲ.

ನಮ್ಮ ಮನೆಯಲ್ಲಿ ನಾಗರ ಪಂಚಮಿಯ ದಿನ ಅಕ್ಕ ತಮ್ಮನನ್ನು ಮಣೆಯ ಮೇಲೆ ಕೂಡಿಸಿ, ಹೂವನ್ನು ಹಾಲಿನಲ್ಲಿ ಅದ್ದಿ ಅವನ ಬರಿ ಬೆನ್ನಿಗೆ ಹಚ್ಚುತ್ತಾಳೆ. ಬೆನ್ನು ತಣ್ಣಗಿರಲಿ ಎನ್ನುತ್ತಾಳೆ. ಅದಕ್ಕೆ ಮೊದಲು ತಮ್ಮ ತಾನೇ ಹೋಗಿ ಅವಳನ್ನು ಕರೆತರಬೇಕು. ತೊಂಬತ್ತರ ದಶಕದ ಕೊನೆಯ ಆ ವರ್ಷ ನಾನು ಹೋಗಲಿಲ್ಲ, ಯಾರ ಕೈಯಲ್ಲೋ ಹೇಳಿ ಕಳಿಸಿದೆ. ಅಕ್ಕ ಇದ್ದದ್ದು ಕಟ್ಟಡ ಕಟ್ಟುವ ಸೈಟಿನ ತಗಡಿನ ಶೆಡ್ಡಿನಲ್ಲಿ. ಇಸ್ತ್ರಿ ಮಾಡಿದ ಪ್ಯಾಂಟಿಗೆ ಅಲ್ಲಿಯ ಕೆಸರು ಹತ್ತುತ್ತದೆ ಎಂಬುದು ನನ್ನ ತೊಂದರೆ. ಅವಳು ಕರೆಯಲು ಬಾರದ ತಮ್ಮನ ಮನೆಗೆ ತಾನಾಗಿಯೇ ಬಂದಳು. ಹೊಸ ಸೀರೆ, ಕೈತುಂಬ ಹಸಿರು ಬಳೆ, ಒಂದು ಡಬ್ಬಿಯಲ್ಲಿ ಹಾಲು, ಇನ್ನೊಂದರಲ್ಲಿ ಶೇಂಗಾ ಉಂಡಿ. ಹಿಮ್ಮಡಿ ಮಾತ್ರ ಸಿಮೆಂಟಿನಿಂದ ಸೀಳಿಹೋಗಿತ್ತು.

ಅದೇ ಹೊತ್ತಿಗೆ ನಮ್ಮ ಅಂಗಡಿಯ ಶೇಠ್ ಮೊದಲ ಸಲ ನನ್ನ ಮನೆಗೆಂದು ಬಂದು ನಮ್ಮ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ಸ್ಕೂಟರ್ ನಿಲ್ಲಿಸುತ್ತಿದ್ದರು. ಅವರನ್ನು ಬರಮಾಡಿಕೊಳ್ಳಲು ನಾನು ಕೆಳಗಿಳಿದು ನಿಂತಿದ್ದೆ. ಊರಲ್ಲಿ ನಮ್ಮದು ಕಿರಾಣಿ ವ್ಯಾಪಾರ ಎಂದು ಹೇಳಿ ನಾನು ಅವರಲ್ಲಿ ನೌಕರಿ ಹಿಡಿದಿದ್ದೆ.

"ಕೋಣ್ ರೇ ಹೀ?" ಯಾರಿವಳು ಎಂದು ಅವರು ಕೇಳಿದರು.

"ಸೈಟವರಚೀ ಬಾಯಿ ಆಹೇ ಶೇಠ್, ಕಾಮ್ ಮಾಗಾಯಲಾ ಆಲೀ," ಎಂದೆ. ಸೈಟಿನ ಹೆಂಗಸು, ಕೆಲಸ ಕೇಳಲು ಬಂದಿದ್ದಾಳೆ ಎಂದು.

ಕೂಲಿಯವರಿಂದ ಕೆಲಸ ಮಾಡಿಸುವ ಮರಾಠಿ ಮುಕಾದಮರ ಕೈಕೆಳಗೆ ದುಡಿದವಳಿಗೆ ಅದು ತಿಳಿಯದೆ ಇರಲಿಲ್ಲ. ಎರಡೂ ಡಬ್ಬಿಗಳನ್ನು ವಾಚ್‌ಮನ್‌ನ ಸ್ಟೂಲಿನ ಮೇಲಿಟ್ಟಳು. "ಯೇತೇ, ಸಾಹೇಬ್," ಬರುತ್ತೇನೆ ಸಾಹೇಬ, ಎಂದು ನನಗೇ ಹೇಳಿ ತಿರುಗಿ ಹೋದಳು. ನನ್ನ ಸುಳ್ಳನ್ನು ನನಗಿಂತ ಚೆನ್ನಾಗಿ ನಡೆಸಿಕೊಟ್ಟಳು.

ನಾನು ಡಬ್ಬಿ ಹಿಡಿದು ಮೇಲೆ ಹೋದೆ. ಸೈಟಿನಲ್ಲಿ ಸ್ಲ್ಯಾಬ್ ಹಾಕುತ್ತಿದ್ದಾರಂತೆ, ಅಕ್ಕನಿಗೆ ಬರಲು ಆಗಲಿಲ್ಲವಂತೆ, ಡಬ್ಬಿ ಕಳಿಸಿದ್ದಾಳೆ ಎಂದು ಹೆಂಡತಿಗೆ ಇನ್ನೊಂದು ಸುಳ್ಳು ಹೇಳಿದೆ. ಶೇಠ್ ಅಕ್ಕನ ಉಂಡಿಗಳನ್ನು ತಿಂದು ನನ್ನ ಹೆಂಡತಿಯ ಕೈರುಚಿಯನ್ನು ಹೊಗಳಿದರು. ಬೆನ್ನಿಗೆಂದು ತಂದ ಹಾಲಿನಲ್ಲಿ ಅವರಿಗೆ ಚಹಾ ಮಾಡಿದೆವು.

ಆಮೇಲೆ ಅಕ್ಕ ನಮ್ಮ ಮನೆಗೆ ಬರಲಿಲ್ಲ. ಅವಳ ಗಂಡ ಗೌಂಡಿ ಕೆಲಸಕ್ಕೆ ಪುಣೆ ಜಿಲ್ಲೆಯ ಶಿರೂರಿಗೆ ಹೋದಾಗ ಅಲ್ಲಿಗೆ ಹೋದಳು.

ಇನ್ನು ನನ್ನ ಬೆನ್ನಿನ ವಿಷಯ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದ ಮರಾಠಿ ಹೆಂಗಸೊಬ್ಬರು ತಮ್ಮ ಹಾಲ್‌ಗೆ ಟೈಲ್ಸ್ ಕೊಂಡಿದ್ದರು. ಲೆಕ್ಕ ನೋಡಲು ಹೋದವನು ಅಲ್ಲಿ ಬಗ್ಗಿ ಏಳಲಾರದೆ ನರಳಿದೆ. ಅವರು ನನ್ನ ಬೆನ್ನನ್ನು ಒತ್ತಿ ನೋಡಿ ಭಾನುವಾರ ಬೆಳಿಗ್ಗೆ ಬಾ ಎಂದರು. ನುಂಗಿಕೊಂಡ ಅಳು, ಸಿಟ್ಟು, ಹೆದರಿಕೆ ಮೈಯಲ್ಲೇ ಗಟ್ಟಿಯಾಗಿ ಕೂತಿರುತ್ತವಂತೆ. ಉಸಿರಾಟದಿಂದ, ಮೈ ನಡುಗಿಸುವುದರಿಂದ ಅವನ್ನು ಹೊರಗೆ ಬಿಡಿಸುವುದು ಅವರ ಕೆಲಸವಂತೆ. ಒಳ್ಳೆಯ ಗಿರಾಕಿ, ಇಲ್ಲ ಎನ್ನಲಾಗಲಿಲ್ಲ.

ಭಾನುವಾರ ಹೋದರೆ ಚಾಪೆಗಳ ಮೇಲೆ ಹತ್ತಾರು ಜನ ಮಲಗಿ ಮಂಡಿ ಮಡಚಿ ಕಾಲು ಅದುರಿಸುತ್ತಿದ್ದರು. ನಿವೃತ್ತ ಬ್ಯಾಂಕ್ ಸಾಹೇಬರೊಬ್ಬರು ದಿಂಬಿಗೆ ಗುದ್ದುತ್ತಿದ್ದರು. ಒಬ್ಬ ಹೆಣ್ಣುಮಗಳು ಬಾಯಿಬಿಟ್ಟು ಅಳುತ್ತಿದ್ದಳು. ನನಗೆ ಚಿಂತೆ ನನ್ನ ಬನಿಯನ್ನಿನದು, ಕಂಕುಳಲ್ಲಿ ಹರಿದಿತ್ತು. ಕೈ ಎತ್ತಿ ಉಸಿರು ಬಿಡಿ ಎಂದಾಗ ನಾನು ಕೈ ಎತ್ತದೆ ಉಸಿರು ಬಿಟ್ಟೆ. ಬಾಯಿಯವರು ನನ್ನ ಚಾಪೆಯ ಹತ್ತಿರ ಬಂದಾಗ ಮಾತ್ರ ದೊಡ್ಡದಾಗಿ ನರಳಿದೆ, ಬಿಕ್ಕಿದಂತೆಯೂ ಮಾಡಿದೆ. ಗಿರಾಕಿಗೆ ಬೇಕಾದ ಮಾಲು ಕೊಡುವುದು ನನ್ನ ಕಸುಬಲ್ಲವೆ?

"ಸದ್ದು ಮಾಡಲೇಬೇಕು ಅಂತಿಲ್ಲ," ಎಂದು ಅವರು ಮೆಲ್ಲಗೆ ಮರಾಠಿಯಲ್ಲಿ ಹೇಳಿದರು. "ಬೋರಲು ಮಲಗು."

ಮಲಗಿದೆ. ಬನಿಯನ್ ಮೇಲಕ್ಕೆ ಸರಿಸಿ ತಣ್ಣೀರಿನ ಒದ್ದೆ ಬಟ್ಟೆಯನ್ನು ಭುಜಗಳ ನಡುವೆ ಇಟ್ಟರು. ಅದರಿಂದ ಒಂದು ಹನಿ ಜಾರಿ ಬೆನ್ನೆಲುಬಿನ ಗುಂಟ ಕೆಳಗಿಳಿಯಿತು. ಹಾಲು ಹಾಗೆಯೇ ಇಳಿಯುತ್ತಿತ್ತು. ನನ್ನ ಕಾಲು ನಾನು ಹೇಳದೆಯೇ ನಡುಗಿತು, ಗಂಟಲಿಂದ ಬಂದ ಸದ್ದು ನನಗೇ ಗುರುತು ಸಿಗಲಿಲ್ಲ. ಅಕ್ಕಾ, ಅಕ್ಕಾ ಎಂದು ದನ ಕೂಗಿದಂತೆ ಕೂಗಿದೆ. ಬ್ಯಾಂಕ್ ಸಾಹೇಬರು ಗುದ್ದುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದರು.

ಎದ್ದಾಗ ಬೆನ್ನು ಸಡಿಲವಾಗಿತ್ತು. ಬಾಯಿಯವರು ಎದುರು ಕೂತು ನನ್ನಿಂದ ಎಲ್ಲ ಕೇಳಿ ತಿಳಿದುಕೊಂಡು, "ಇದು ಅರ್ಧ ಕೆಲಸ. ಉಳಿದರ್ಧ ಇಲ್ಲಿಲ್ಲ, ನಿನ್ನ ಅಕ್ಕನ ಹತ್ತಿರ ಇದೆ. ಹೋಗಿ ಹೇಳು," ಎಂದರು. ಮನೆಗೆ ಬಂದು ಹೆಂಡತಿಗೂ ಹೇಳಿಬಿಟ್ಟೆ.

"ನನ್ನ ಮುಂದ ಯಾಕ ಅಳ್ತೀರಿ? ಅಕ್ಕಾರ ಮುಂದ ಹೋಗಿ ಅಳ್ರಿ," ಎಂದಳು. "ಆ ಉಂಡಿ ನಾ ಮಾಡಿದ್ದು ಅಂತ ಶೇಠ್ರು ಅಂದಾಗ ಸುಮ್ನ ಕುಂತಿದ್ರಲ್ರಿ."

ಹೋಗುತ್ತೇನೆ ಎಂದೆ. ಹೋಗಲಿಲ್ಲ.

ಇಲ್ಲಿ ನನ್ನ ಮೂರ್ಖತನವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅತ್ತ ಮೇಲೆ ನನಗೆ ಎಷ್ಟು ಹಗುರಾಯಿತೆಂದರೆ ಅಕ್ಕನ ಹತ್ತಿರ ಹೋಗುವ ಅವಸರವೇ ಹೋಯಿತು. ತಪ್ಪು ತೀರಿತು ಎಂದು ಮೈ ಹೇಳುತ್ತಿತ್ತು, ನಾನು ನಂಬಿದೆ. ವಾರವಿಡೀ ಟೈಲ್ಸ್ ಮಾರುವುದು, ಭಾನುವಾರ ಹೋಗಿ ಅಕ್ಕನ ಹೆಸರಲ್ಲಿ ಅಳುವುದು, ಬರುವ ದಾರಿಯಲ್ಲಿ ಮಿಸಳ್ ತಿಂದು ಮನೆಗೆ ಬರುವುದು. ಅಳುವುದರಲ್ಲಿ ನನ್ನ ಸಮಕ್ಕೆ ಯಾರೂ ಇರಲಿಲ್ಲ. ಚಾಪೆಗೆ ಬೆನ್ನು ತಾಗಿದರೆ ಸಾಕು, ಕಣ್ಣೀರು ನಲ್ಲಿ ತಿರುವಿದಂತೆ. ಹೊಸಬರು ಸಂಕೋಚಪಟ್ಟರೆ ಬ್ಯಾಂಕ್ ಸಾಹೇಬರು ನನ್ನತ್ತ ಕೈ ಮಾಡಿ, ಇವನನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ನನಗೆ ಹೆಮ್ಮೆಯಾಗುತ್ತಿತ್ತು. ಏಳನೇ ಇಯತ್ತೆ ಓದಿದವನು ಸಾಹೇಬರಿಗೆ ಅಳುವುದನ್ನು ಕಲಿಸುತ್ತಿದ್ದೆ! ಬನಿಯನ್ನೂ ಹೊಸದು ಕೊಂಡಿದ್ದೆ.

ಹೀಗೆ ವರ್ಷವಾಗುತ್ತ ಬಂದಿತ್ತು. ಒಂದು ಭಾನುವಾರ ಬಾಯಿಯವರು ಬಾಗಿಲಲ್ಲೇ ತಡೆದರು.

"ಅಕ್ಕನ ಹತ್ತಿರ ಹೋಗಿದ್ದೆಯಾ?"

"ಹೋಗಬೇಕು, ಬಾಯಿ."

"ಹಾಗಾದರೆ ಇವತ್ತು ಚಾಪೆ ಹಾಸಬೇಡ. ಹೋಗಿ ಬಂದ ಮೇಲೆ ಬಾ."

ಭಾನುವಾರಗಳು ಖಾಲಿಯಾದವು. ಬೆನ್ನು ಮತ್ತೆ ಬಿಗಿಯಿತು. ಕೊನೆಗೆ ಎಸ್ಟಿ ಬಸ್ ಹತ್ತಿದೆ. ಅಕ್ಕನ ಮೇಲಿನ ಪ್ರೀತಿಯಿಂದ ಹೋದೆ ಎಂದು ಬರೆಯಲು ಕೈ ಬಯಸುತ್ತದೆ. ಬೆನ್ನುನೋವಿಗೆ ಹೋದೆ.

ಶಿರೂರಿನಲ್ಲಿ ಅಕ್ಕ ಒಂದು ಬಾಡಿಗೆ ಕೋಣೆಯ ಮುಂದೆ ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೊರಟು ನಿಂತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಯಾಕೋ, ಯಾರಿಗರ ಏನಾಗ್ಯಾದ?" ಎಂದು ಕೇಳಿದಳು. ಕೆಟ್ಟ ಸುದ್ದಿಯಿಲ್ಲದೆ ನಾನು ಬರುವುದಿಲ್ಲ ಎಂದು ಅವಳ ಲೆಕ್ಕ.

ನಾನು ಬಸ್ಸಿನಲ್ಲಿ ಜೋಡಿಸಿಕೊಂಡ ಮಾತೆಲ್ಲ ಬಿಟ್ಟು ನೇರ ಅಳುವುದಕ್ಕೆ ಶುರು ಮಾಡಿದೆ. ವರ್ಷದ ಅಭ್ಯಾಸ. ಹೆಗಲು ಅದುರಿಸಿ, ಉಸಿರು ಎಳೆದು, ಕ್ರಮವಾಗಿ ಅತ್ತೆ.

ಅಕ್ಕ ಸ್ವಲ್ಪ ಹೊತ್ತು ನೋಡಿದಳು. "ಮೈ ಯಾಕ ಹಂಗ ನಡಗಸ್ತಿ? ಜ್ವರ ಬಂದಾವೇನು?"

"ಅಕ್ಕಾ, ಆ ಪಂಚಮಿ ದಿನ ಗೇಟಿನಾಗ ನಾ..."

"ಗೊತ್ತದ ಬಿಡು."

"ನಿನ್ನ ಸೈಟಿನಾಕಿ ಅಂದೆ."

"ಸೈಟಿನಾಕಿನೇ ಅದೀನಲ್ಲೋ. ಈಗೂ ಅಲ್ಲಿಗೇ ಹೊಂಟೀನಿ." ಬುತ್ತಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಆದ್ರ ತಮ್ಮಾ, ಕೆಲಸ ಕೇಳಾಕ ಬಂದಾಕಿಗೂ ಮಂದಿ ಒಂದು ಕಪ್ ಚಾ ಕುಡಸ್ತಾರ. ಅಷ್ಟು ದೂರ ನಡಕೋತ ಬಂದಿದ್ದೆ. ನೀ ನೀರು ಬೇಕೇನು ಅಂತನೂ ಕೇಳಲಿಲ್ಲ."

ನನ್ನ ಅಳು ನಿಂತುಹೋಯಿತು. ಬಾಯಿಯವರ ಹಾಲ್‌ನಲ್ಲಿ ಎಷ್ಟು ಸಲ ಅತ್ತರೂ ಅವಳಿಗೆ ಅವತ್ತು ನೀರಡಿಕೆಯಾಗಿತ್ತು ಎಂಬುದು ನನಗೆ ಹೊಳೆದಿರಲಿಲ್ಲ. ಅಳುವಾಗೆಲ್ಲ ನಾನು ನನ್ನನ್ನೇ ನೋಡಿಕೊಂಡಿದ್ದೆ.

"ತಪ್ಪಾತು ಅಕ್ಕಾ. ಮನಿಗಿ ಬಾ."

"ಬಾ ಅಂದ್ರ ಬರೂದಿಲ್ಲ. ಪಂಚಮಿಗಿ ಬಂದು ಕರಕೊಂಡು ಹೋಗು. ಈಗ ಹಾದಿ ಬಿಡು, ತಡ ಆದ್ರ ಮುಕಾದಮ ಬಯ್ತಾನ."

ಆ ವರ್ಷ ಪಂಚಮಿಗೆ ಹೋಗಿ ಕರೆತಂದೆ. ಗೇಟಿನಲ್ಲಿ ವಾಚ್‌ಮನ್‌ಗೆ ಇವಳು ನನ್ನ ಅಕ್ಕ ಎಂದೆ. ಕೆಳಗಿನ ಮನೆಯವರಿಗೆ ಹೇಳಿದೆ, ಮೆಟ್ಟಿಲಲ್ಲಿ ಸಿಕ್ಕ ಹಾಲಿನವನಿಗೂ ನಿಲ್ಲಿಸಿ ಹೇಳಿದೆ. ಹಿಂದಿನ ವಾರ ಶೇಠ್‌ಗೂ ಎಲ್ಲ ಒಪ್ಪಿಸಿದ್ದೆ. ಅವರಿಗೆ ಆ ಗೇಟು, ಆ ಹೆಂಗಸು ಯಾವುದೂ ನೆನಪಿರಲಿಲ್ಲ, ಉಂಡಿ ಮಾತ್ರ ನೆನಪಿತ್ತು.

"ಸಾಕು ಮಾಡೋ," ಎಂದು ಅಕ್ಕ ಗದರಿದಳು. "ಅವತ್ತು ಮುಚ್ಚಿಟ್ಟಿ, ಇವತ್ತು ಡಂಗುರ ಹೊಡೀತಿ. ಸುಮ್ನ ಇರೂದು ನಿನಗ ಬರಂಗಿಲ್ಲೇನು?"

ಹೆಂಡತಿ ಮೊದಲು ನೀರು, ಆಮೇಲೆ ಚಹಾ ಕೊಟ್ಟಳು. ಇಬ್ಬರೂ ಅಡುಗೆಮನೆಯಲ್ಲಿ ಕಡಬು ಮಾಡುತ್ತ ನಗುತ್ತಿದ್ದರು. ನಾನು ಬಟ್ಟಲಲ್ಲಿ ಹಾಲು, ತಟ್ಟೆಯಲ್ಲಿ ಹೂವು ಇಟ್ಟು, ಅಂಗಿ ಬನಿಯನ್ ಬಿಚ್ಚಿ ಮಣೆಯ ಮೇಲೆ ಕೂತೆ. ಹೊಟ್ಟೆ ಬಂದಿತ್ತು, ಉಸಿರು ಹಿಡಿದು ಒಳಗೆಳೆದುಕೊಂಡೆ.

"ಅಕ್ಕಾ, ಹಾಲು."

ಅವಳು ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಳು. ನನ್ನ ಬೆನ್ನನ್ನು ನೋಡುತ್ತಿದ್ದಾಳೆ ಎಂದು ತಿರುಗದೆಯೇ ಗೊತ್ತಾಯಿತು.

"ಅಂಗಿ ಹಾಕ್ಕೋ, ಥಂಡಿ ಆದೀತು."

"ಹಾಲು ಹಚ್ಚಂಗಿಲ್ಲ?"

"ಈ ವರ್ಷ ಬ್ಯಾಡ ತಮ್ಮಾ. ಕೈ ಬರವಲ್ದು. ಸಿಟ್ಟಿಲ್ಲ ನನಗ. ಹಚ್ಚಿದ್ರ ಮನಸಿಲೆ ಹಚ್ಚಬೇಕು."

"ಮುಂದಿನ ವರ್ಷ?"

"ಕರಿಯಾಕ ಬಾ. ನೋಡೂಣು."

ಅಳು ಬರಲು ತಯಾರಾಗಿಯೇ ಇತ್ತು, ಆ ಕೆಲಸದಲ್ಲಿ ನಾನು ಪಳಗಿದವನು. ಅಳಲಿಲ್ಲ. ಅತ್ತರೆ ಅವಳು ಕರಗಿ ಹಚ್ಚಿಬಿಡುತ್ತಿದ್ದಳೋ ಏನೋ. ಬನಿಯನ್ ಹಾಕಿಕೊಂಡೆ, ಅಂಗಿಯ ಗುಂಡಿ ಹಾಕಿದೆ, ತಾಟು ಇಟ್ಟು ಅಕ್ಕನಿಗೆ ಮೊದಲು ಬಡಿಸಿದೆ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದಳು. ಎದ್ದು ತಂದುಕೊಟ್ಟೆ.