ಇನ್ನೂ ಮೇಲೇ ಇದ್ದ ಹೊಸ ಸೊಸೆ

ನನ್ನ ಓರಗಿತ್ತಿ ಬಾಯಿ ತೆರೆಯುವ ಮೊದಲೇ ಅವಳ ಕುತ್ತಿಗೆ ಮಾತಾಡುತ್ತದೆ. ಗಂಟಲಿನ ಎರಡೂ ಬದಿಯ ನರ ಹಗ್ಗದಂತೆ ಉಬ್ಬಿ, ಕರಿಮಣಿ ಸರ ಒಮ್ಮೆ ಮೇಲೆದ್ದು ಕೂತಿತೆಂದರೆ ಮರುಗಳಿಗೆಯಲ್ಲಿ ಹಿತ್ತಿಲ ಕಾಗೆ ಹಾರಿತೆಂದೇ ಲೆಕ್ಕ. ಪಿಸುಮಾತು ದೇವರು ಅವಳಿಗೆ ಕೊಡದ ವಿದ್ಯೆ. ಹಿನ್ನೀರಿನ ಆಚೆಯ ತುಮರಿ ಕಡೆ ಹುಟ್ಟಿ ಬೆಳೆದವಳು. ಲಾಂಚ್ ತಪ್ಪಿದರೆ ದಡದಲ್ಲೇ ಕೂತು ಕಾಯಬೇಕಾದ ಕಾಲದಲ್ಲಿ ದೂರದ ದಿಬ್ಬದಿಂದಲೇ "ನಿಲ್ಸೀ..." ಎಂದು ಕೂಗಿ ಹೊರಟ ಲಾಂಚನ್ನು ನಿಲ್ಲಿಸುತ್ತಿದ್ದಳಂತೆ. ಈಗ ಅಲ್ಲಿ ಸೇತುವೆಯಾಗಿದೆ. ಗಂಟಲು ಮಾತ್ರ ಹಾಗೇ ಉಳಿದಿದೆ.

ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನಾನು ಅಕ್ಕ ಎನ್ನುತ್ತೇನೆ. ಅವಳು ಮತ್ತು ಭಾವ ಕೋಣಂದೂರಿನಲ್ಲಿ ತರಕಾರಿ ಅಂಗಡಿ ಇಟ್ಟುಕೊಂಡಿದ್ದಾರೆ. ನಾವು ಸಾಗರದಲ್ಲಿ. ನಮ್ಮವರದು ಮಿಕ್ಸಿ, ಪಂಪು ರಿಪೇರಿಯ ಸಣ್ಣ ಅಂಗಡಿ.

ನನ್ನ ಗುಟ್ಟು ಗಂಡನನ್ನು ಬಿಟ್ಟರೆ ಗೊತ್ತಿದ್ದದ್ದು ಅಕ್ಕನೊಬ್ಬಳಿಗೆ. ಊರಿಗೆಲ್ಲ ಕೇಳುವ ಗಂಟಲಿನವಳ ಹತ್ತಿರ ಅದು ಇಪ್ಪತ್ತು ವರ್ಷ ಭದ್ರವಾಗಿತ್ತು ಎನ್ನುವುದೇ ಒಂದು ಸೋಜಿಗ. ವಯಸ್ಸಿಗೆ ಬರುವಾಗ ಎಲ್ಲ ಹುಡುಗಿಯರ ಎದೆಯೂ ಬೆಳೆಯಿತು. ನನ್ನದು ಬಲಗಡೆ ಮಾತ್ರ ಬೆಳೆಯಿತು. ಎಡಗಡೆ ಏಳನೇ ಕ್ಲಾಸಿನ ಹುಡುಗಿಯದಾಗಿಯೇ ಉಳಿಯಿತು. ಅಂದಿನಿಂದ ಮಡಿಸಿದ ಕರವಸ್ತ್ರ, ಹತ್ತಿ, ಆಮೇಲೆ ಸ್ಪಂಜು. ಯಾವ ಟೈಲರಿಗೂ ಮೈ ಅಳೆಯಲು ಬಿಟ್ಟವಳಲ್ಲ. ಹಳೆಯ ರವಿಕೆಯನ್ನೇ ಅಳತೆಗೆ ಕೊಟ್ಟು, "ಹಿಂಗೇ ಹೊಲೀರಿ" ಎಂದು ತಿರುಗಿ ನೋಡದೆ ಬರುತ್ತಿದ್ದೆ. ಮದುವೆ ಮನೆಯಲ್ಲಿ ಬಗ್ಗಿ ಬಡಿಸುವಾಗ ಸೆರಗಿನ ಮೇಲೆ ಒಂದು ಕೈ ಇದ್ದೇ ಇರುತ್ತಿತ್ತು. "ನಿಮ್ಮನೆ ಹುಡುಗಿಗೆ ನಾಚ್ಕೆ ಜಾಸ್ತಿ" ಎಂದು ನೆಂಟರು ಹೊಗಳುತ್ತಿದ್ದರು.

ಅಕ್ಕನಿಗೆ ಗೊತ್ತಾದದ್ದು ನನ್ನ ಬಾಣಂತನದಲ್ಲಿ. ನನಗೆ ತಾಯಿ ಇರಲಿಲ್ಲ. ಹೊಸನಗರದ ಹತ್ತಿರದ ಅತ್ತೆಮನೆಯಲ್ಲಿ ಅಕ್ಕನೇ ನೀರು ಎರೆದಳು. ಬಚ್ಚಲಲ್ಲಿ ನಾನು ಎರಡೂ ಕೈ ಎದೆಗೆ ಕಟ್ಟಿ ಕೂತಿದ್ದೆ. ಅವಳು ತಂಬಿಗೆಯನ್ನು ಪಕ್ಕಕ್ಕಿಟ್ಟು ನನ್ನ ಕೈ ಬಿಡಿಸಿದಳು, ನೋಡಿದಳು, ಮತ್ತೆ ತಂಬಿಗೆ ಎತ್ತಿಕೊಂಡಳು. "ಕೂಸಿಗೆ ಹಾಲು ಸಾಲ್ತದೆ ಬಿಡು. ಒಂಟೆತ್ತಿನ ಗಾಡಿನೂ ಊರು ಮುಟ್ತದೆ ಕಣೇ" ಎಂದಳು. ಅಷ್ಟೇ. ಆಮೇಲೆ ಆ ಮಾತು ಎತ್ತಲೇ ಇಲ್ಲ.

ನಲವತ್ತು ದಾಟಿದ ಮೇಲೆ ಬೇರೇನೋ ತಪಾಸಣೆಗೆಂದು ಶಿವಮೊಗ್ಗಕ್ಕೆ ಹೋದಾಗ ಡಾಕ್ಟರಮ್ಮ ಒಬ್ಬರು, "ಇದಕ್ಕೆ ಆಪರೇಷನ್ ಇದೆ, ಇಷ್ಟು ವರ್ಷ ಯಾಕೆ ಸುಮ್ಮನಿದ್ರಿ?" ಎಂದರು. ಒಳಗೆ ಒಂದು ಮೆತ್ತನೆಯ ಚೀಲದಂಥದ್ದನ್ನು ಇಟ್ಟು ಹೊಲಿಯುತ್ತಾರಂತೆ. ಸಾಗರಕ್ಕೆ ಬಂದವಳೇ ಮನೆಯಲ್ಲಿ ಹೇಳಿದೆ. ಗಂಡ, "ನಂಗೇನೂ ಕಮ್ಮಿ ಕಂಡಿಲ್ಲ. ನಿಂಗೆ ಬೇಕು ಅನ್ಸಿದ್ರೆ ಮಾಡ್ಸ್ಕೋ" ಎಂದರು. ನಾನು ಅಕ್ಕನಿಗೆ ಫೋನು ಮಾಡಿದೆ.

"ಈ ವಯಸ್ಸಲ್ಲಿ ಯಾರಿಗೆ ಬೇಕಕ್ಕಾ ಇದು?"

"ಯಾರಿಗೆ ಅಂದ್ರೆ? ನಿಂಗೆ! ಕನ್ನಡಿ ಮುಂದೆ ದಿನಾ ನಿಲ್ಲೋಳು ನೀನಾ, ಊರಿನೋರಾ?"

ಆಪರೇಷನ್ ಮುಗಿಸಿ ಮನೆಗೆ ಬಂದ ದಿನವೇ, ಹುಂಚದ ಮೇಲೆ ಬರುವ ಬಸ್ಸು ಹಿಡಿದು ಅಕ್ಕ ಬಂದಿಳಿದಳು. ಚೀಲದಲ್ಲಿ ಕಾಳುಮೆಣಸು, ಬೆಳ್ಳುಳ್ಳಿ, ಓಮಿನ ಕಾಳು, ಹಳೆಯ ಹತ್ತಿ ಸೀರೆಯ ತುಂಡುಗಳು, ಒಂದು ಬಾಟಲಿ ಎಣ್ಣೆ. ಬಂದವಳೇ ಬಚ್ಚಲ ಒಲೆಗೆ ಬೆಂಕಿ ಹಾಕಿದಳು. ಅವಳಿಗೆ ಗೊತ್ತಿದ್ದ ಆರೈಕೆ ಒಂದೇ, ಬಾಣಂತನ. ನಮ್ಮ ಕುಟುಂಬದ ಅರ್ಧ ಮಕ್ಕಳು ಅವಳ ಕಾಲ ಮೇಲೆ ಮಲಗಿ ಮಿಂದವರು.

"ಅಕ್ಕಾ, ಎದೆಗೆ ಬಿಸಿ ತಾಗಿಸ್ಬಾರ್ದಂತೆ. ಹೊಲಿಗೆಗೆ ನೀರೂ ಬೀಳ್ಬಾರ್ದು. ಎಣ್ಣೆ ಮುಟ್ಟಲೇಬಾರ್ದು. ಕೈ ಮೇಲೆತ್ತಬಾರ್ದು."

ಅಕ್ಕ ಬಾಟಲಿ ಹಿಡಿದವಳು ಹಾಗೇ ನಿಂತಳು. "ನೀರು ಎರೀದೇ ಇದ್ದ ಮೇಲೆ ಇದೆಂತ ಬಾಣಂತನ ಮಾರಾಯ್ತಿ! ನಾ ಬಂದದ್ದು ಎಂತಕ್ಕೆ, ನಿನ್ನ ಮುಖ ನೋಡಕ್ಕಾ?"

ಆಮೇಲೆ ತಾನೇ ಆಸ್ಪತ್ರೆಯ ಸಿಸ್ಟರಿಗೆ ಫೋನು ಹಚ್ಚಿದಳು. ಒಂದೊಂದೇ ಸಾಮಾನು ಎತ್ತಿ ತೋರಿಸುತ್ತ ಕೇಳಿದಳು, ಆ ಕಡೆಯವರಿಗೆ ಕಾಣುತ್ತದೆ ಎಂಬಂತೆ. ಮೆಣಸಿನ ಸಾರು ಕೊಡಬಹುದು. ಬೆಳ್ಳುಳ್ಳಿ ಅಡುಗೆಯಲ್ಲಿ ಸ್ವಲ್ಪ. ಹತ್ತಿ ಸೀರೆ ಸುತ್ತಿ ಹೊಟ್ಟೆ ಕಟ್ಟುವುದು ಬೇಡ. ತಲೆದಿಂಬು ಎತ್ತರಿಸಿ ಅಂಗಾತ ಮಲಗಬೇಕು. "ಕಾಲಿಗೆ ಬಿಸಿನೀರು ಹೊಯ್ಬೌದಾ?" ಎಂದು ಕೇಳಿದ್ದಕ್ಕೆ ಸಿಸ್ಟರ್ ನಕ್ಕು, "ಕಾಲಿಗೆ ಎಷ್ಟು ಬೇಕಾದ್ರೂ ಹಾಕಿ ಅಜ್ಜೀ" ಎಂದರಂತೆ. ಅಜ್ಜಿ ಎಂದದ್ದಕ್ಕೆ ಸಿಟ್ಟು ಬಂದರೂ ಕಾಲು ಸಿಕ್ಕಿತಲ್ಲ ಎಂಬ ಖುಷಿ ಅವಳಿಗೆ. ದಿನಾ ಬೆಳಿಗ್ಗೆ ನನ್ನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲಿನಿಂದ ಕೆಳಗೆ ತಂಬಿಗೆಯ ಮೇಲೆ ತಂಬಿಗೆ ಹೊಯ್ದದ್ದೇ ಹೊಯ್ದದ್ದು. ನನ್ನ ಕೈ ಏಳದ್ದರಿಂದ ತಲೆ ಬಾಚಿ ಎರಡು ಜಡೆ ಹೆಣೆಯುವಳು. "ಶಾಲೆಗೆ ಹೊರಡು" ಎಂದು ಬೆನ್ನಿಗೊಂದು ತಟ್ಟುವಳು.

ನನಗಾದರೋ ನೋವಿಗಿಂತ ಕುತೂಹಲವೇ ಹೆಚ್ಚು. ಬಿಗಿಯಾದ ಪಟ್ಟಿಯೊಳಗೆ ಇರುವೆ ಹರಿದಂತೆ ಜುಮುಜುಮು. ಚರ್ಮ ಒಂದು ಕಡೆ ಮರಗಟ್ಟಿ, ಇನ್ನೊಂದು ಕಡೆ ಸೀರೆಯ ಅಂಚು ತಾಗಿದರೂ ಚುರ್ ಎನ್ನುವುದು. ನೀಲಿಯಾಗಿದ್ದದ್ದು ಹಳದಿಗೆ ತಿರುಗುವುದನ್ನು ದಿನವೂ ಬಗ್ಗಿ ನೋಡುವೆ. ಬಗ್ಗಿದಾಗ ಎರಡು ಕಾಣುತ್ತಿತ್ತಲ್ಲ, ಆ ಸಂಭ್ರಮಕ್ಕೆ ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಒಂದೇ ಭಯ. ಹೊಸದು ಕಲ್ಲಿನಂತೆ ಗಟ್ಟಿಯಾಗಿತ್ತು, ಹಳೆಯದಕ್ಕಿಂತ ತೀರಾ ಮೇಲೆ, ಕೊರಳ ಹತ್ತಿರ ಕೂತಂತಿತ್ತು. ಮೊದಮೊದಲು ಹಾಗೇ, ಊತ ಇಳಿದ ಮೇಲೆ ನಿಧಾನ ಕೆಳಗೆ ಬಂದು ಮೆತ್ತಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಬಾರದಿದ್ದರೆ? ಇಷ್ಟು ವರ್ಷ ಇಲ್ಲದ್ದನ್ನು ಮುಚ್ಚಿಟ್ಟೆ, ಇನ್ನು ಇದ್ದದ್ದನ್ನು ಮುಚ್ಚಿಡಬೇಕಾದರೆ? ಅತ್ತುಬಿಟ್ಟೆ.

ಅಕ್ಕ ಬೆಳ್ಳುಳ್ಳಿ ಸುಲಿಯುತ್ತಲೇ ಹೇಳಿದಳು: "ಹೊಸ ಸೊಸೆ ಬಂದ ದಿನವೇ ಮನೆಗೆ ಒಗ್ತಾಳನೇ? ಬಿಗಿಯಾಗಿ ಮೂಲೇಲಿ ನಿಂತಿರ್ತಾಳೆ. ಆಮೇಲೆ ನಿಧಾನ ಇಳಿದು ಬಂದು, ನಿಮ್ಮಲ್ಲೇ ಹುಟ್ಟಿದೋಳ ಹಂಗೆ ಕಾಲು ಚಾಚಿ ಕೂರ್ತಾಳೆ. ಅವಸರ ಮಾಡಿದ್ರೆ ಕೆಡ್ತದೆ."

ಅಂದಿನಿಂದ ನಮ್ಮ ಮನೆಯಲ್ಲಿ ಅದಕ್ಕೆ 'ಹೊಸ ಸೊಸೆ' ಎಂದೇ ಹೆಸರು. ತನ್ನ ಗಂಟಲಿನ ಪ್ರತಾಪ ಅಕ್ಕನಿಗೂ ಗೊತ್ತಿತ್ತು. ಗುಟ್ಟಿಗೊಂದು ಹೆಸರು ಸಿಕ್ಕಿತಲ್ಲ ಎಂದು ನಿರಾಳಳಾದಳು. ನಮ್ಮವರು ಅಂಗಡಿಯಿಂದ ಫೋನು ಮಾಡಿ ಗಿರಾಕಿಗಳ ಎದುರೇ, "ಅತ್ತಿಗೇ, ಹೊಸ ಸೊಸೆ ಹೆಂಗಿದಾಳೆ?" ಎನ್ನುವರು. ಅಕ್ಕ ಅಂಗಳದಲ್ಲಿ ನಿಂತು ಉತ್ತರಿಸುವಳು: "ಆರಾಮದಾಳೆ ತಮ್ಮಾ! ಬಿಗುಮಾನ ಇನ್ನೂ ಬಿಟ್ಟಿಲ್ಲ! ಇನ್ನೂ ಮೇಲೇ ಇದಾಳೆ, ಕೆಳಗೆ ಇಳೀವಲ್ಲಳು!" ಸಂಜೆ ಹೊತ್ತಿಗೆ ಉಪ್ಪು ಮೆಣಸಿನಕಾಯಿ ಹಿಡಿದು ನನ್ನ ಎದೆಗೆ ಮೂರು ಸುತ್ತು ನಿವಾಳಿಸಿ ಒಲೆಗೆ ಹಾಕುವಳು. "ಯಾರು ನೋಡಿದಾರೆ ಅಂತ ದೃಷ್ಟಿ ತೆಗೀತೀಯಕ್ಕಾ?" ಎಂದರೆ, "ನೀನೇ ನೋಡ್ಕತಿದೀಯಲ್ಲ ಹೊತ್ತುಗೊತ್ತಿಲ್ದೇ, ಅಷ್ಟು ಸಾಲ್ದಾ?"

ಒಂದು ಮಧ್ಯಾಹ್ನ ಎದುರುಮನೆಯ ಅಮ್ಮ ಬಂದರು. ನಿವೃತ್ತ ಮೇಷ್ಟರ ಹೆಂಡತಿ, ಬೀದಿಗೆಲ್ಲ ಹಿರಿಯರು. ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ತೆಂಗಿನಕಾಯಿ, ರವಿಕೆ ಕಣ, ಒಂದು ಡಜನ್ ಹಸಿರು ಬಳೆ. ಅಕ್ಕ ಕುರ್ಚಿ ಎಳೆದು ಕೊಟ್ಟಳು. ಅವರು ಕೂರಲಿಲ್ಲ. ಮಹಡಿಯ ಮೆಟ್ಟಿಲ ಕಡೆ ನೋಡಿದರು. ಮೇಲೆ ನಮಗೊಂದು ಕೋಣೆಯಿದೆ. ಹಾಸ್ಟೆಲಿನಲ್ಲಿ ಓದುವ ಮಗನ ಸಾಮಾನು, ರಿಪೇರಿಗೆ ಬಂದು ಉಳಿದ ಮಿಕ್ಸಿಗಳು, ಇಷ್ಟೇ ಅಲ್ಲಿರುವುದು.

"ನೋಡಮ್ಮಾ" ಎಂದರು ನನಗೆ, "ಹುಡುಗ ಹೇಳದೆ ಕೇಳದೆ ಕಟ್ಕೊಂಡು ಬಂದ ಅಂತ ನಿಂಗೆ ಬೇಜಾರಿರ್ಬೌದು. ಹಾಸಿಗೆ ಹಿಡಿದದ್ದೂ ಅದಕ್ಕೇ ಇರ್ಬೇಕು. ಯಾವ ಜಾತಿ ಅಂತ ನಾ ಕೇಳಲ್ಲ. ಆದ್ರೆ ಮನೆಗೆ ಬಂದ ಹೆಣ್ಣನ್ನ ಹಿಂಗೆ ಮೇಲೆ ಕೂಡಿ ಹಾಕಬಾರ್ದು. ಕರಿ ಕೆಳಗೆ, ಅರಿಶಿನ ಕುಂಕುಮ ಕೊಟ್ಟು ಹೋಗ್ತೀನಿ."

ನಾನು ಅಕ್ಕನನ್ನು ನೋಡಿದೆ. ಅವಳ ಕುತ್ತಿಗೆಯ ನರ ಎದ್ದಿತ್ತು, ಸರ ಮೇಲೇರಿತ್ತು, ಮಾತು ಮಾತ್ರ ಬರಲಿಲ್ಲ. ಮನಸ್ಸು ಮಾಡಿದ್ದರೆ ಸುಳ್ಳು ಹೇಳುವುದು ಅವಳಿಗೆ ಕಷ್ಟವಲ್ಲ. ತವರಿಗೆ ಹೋಗಿದ್ದಾಳೆ ಎನ್ನಬಹುದಿತ್ತು, ನೆಂಟರ ಹುಡುಗಿ ಎನ್ನಬಹುದಿತ್ತು. ಆದರೆ ಅವಳು ನನ್ನ ಮುಖವನ್ನೇ ನೋಡುತ್ತ ನಿಂತಳು. ನಿನ್ನ ಗುಟ್ಟು, ಇಡುವುದಾದರೂ ಬಿಡುವುದಾದರೂ ನೀನೇ ಎಂಬಂತೆ.

ಎಲ್ಲಿತ್ತೋ ಧೈರ್ಯ. ಹೊದ್ದ ಶಾಲಿನ ಮೇಲೆ, ಎಡಗಡೆ, ಕೈಯಿಟ್ಟು ಹೇಳಿದೆ: "ಸೊಸೆ ಇಲ್ಲೇ ಇದಾಳೆ ಅಮ್ಮಾ. ಶಿವಮೊಗ್ಗದಿಂದ ಬಂದೋಳು."

ಆಮೇಲೆ ಎಲ್ಲವನ್ನೂ ಹೇಳಿದೆ. ಕರವಸ್ತ್ರದಿಂದ ಹಿಡಿದು ಡಾಕ್ಟರಮ್ಮನವರೆಗೆ. ಅಷ್ಟು ವರ್ಷ ಬಾಯಿಗೆ ಬಾರದ ಮಾತು ತಡೆಯಿಲ್ಲದೆ ಹರಿಯಿತು. ಎದುರುಮನೆಯ ಅಮ್ಮ ತಟ್ಟೆ ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಸಿದರು. ಮೆಟ್ಟಿಲ ಕಡೆ ಇನ್ನೊಮ್ಮೆ ನೋಡಿ, "ಹಂಗಾರೆ... ಕೆಳಗೆ ಇಳೀವಲ್ಲಳು ಅಂದ್ರೆ?" ಎಂದರು.

"ಇನ್ನೂ ಒಂದು ಚೂರು ಇಳೀಬೇಕು" ಎಂದಳು ಅಕ್ಕ, ಬೆರಳಲ್ಲಿ ತೋರಿಸಿ.

ಮೂವರೂ ನಕ್ಕ ನಗೆಗೆ ಮಿತಿಯಿಲ್ಲ. "ನಗಿಸ್ಬೇಡಿ, ಹೊಲಿಗೆ ಎಳೀತದೆ" ಎಂದು ನಾನು ಎದೆ ಹಿಡಿದುಕೊಂಡು ಕೂಗಿಕೊಂಡೆ. ಹೊರಡುವಾಗ ಆ ಹಿರಿಯರು ತಟ್ಟೆಯನ್ನು ನನ್ನ ಮಡಿಲಿಗೇ ಇಟ್ಟರು. "ತಂದದ್ದನ್ನ ವಾಪಸ್ ಒಯ್ಯಬಾರ್ದು" ಎಂದು ಹಣೆಗೆ ಕುಂಕುಮವಿಟ್ಟು, ಬಾಗಿಲಲ್ಲಿ ನಿಂತು ಕೇಳಿದರು, "ತುಂಬ ನೋವಾಯ್ತನಮ್ಮಾ?" ಆಪರೇಷನ್ನಿನ ನೋವನ್ನು ಕೇಳಿದರೋ ಅದಕ್ಕೂ ಹಿಂದಿನದನ್ನೋ, ಇವತ್ತಿಗೂ ತಿಳಿಯದು.

ಸುದ್ದಿ ಬೀದಿಯಲ್ಲಿ ಹರಡದೆ ಇರುತ್ತದೆಯೇ? ಒಂದು ದಿನ ಹೂವಿನವಳ ಗಾಡಿಯ ಹತ್ತಿರ ಯಾರೋ, "ಈ ವಯಸ್ಸಲ್ಲಿ ಎಂತಾ ಶೋಕಿನಪ್ಪಾ" ಎಂದರು. ನನ್ನ ಕೈ ಅಭ್ಯಾಸದಂತೆ ಸೆರಗಿಗೆ ಹೋಯಿತು. ಅಕ್ಕ ಗೇಟಿನಿಂದಲೇ ಕೇಳಿದಳು: "ನಿಮ್ಮನೆ ಯಜಮಾನ್ರು ಹಲ್ಲು ಕಟ್ಟಿಸ್ಕಂಡಿದ್ದು ಕಬ್ಬು ತಿನ್ನಕ್ಕೋ, ನಗಕ್ಕೋ?" ಬೀದಿಯೇ ನಕ್ಕಿತು. ಅಂದವರೂ ನಕ್ಕರು. ನಗು ಮುಗಿಯುವಷ್ಟರಲ್ಲಿ ನನ್ನ ಕೈ ಕೆಳಗಿಳಿದಿತ್ತು.

ಅಕ್ಕ ಹೇಳಿದಂತೆಯೇ ಆಯಿತು. ಅವಸರವಿಲ್ಲದೆ ಒಂದೊಂದು ಎಳೆಯಾಗಿ ಇಳಿದು, ಮೆತ್ತಗಾಗಿ, ಹೊಸ ಸೊಸೆ ಮನೆಯವಳಾದಳು. ತಲೆಯ ಮೇಲಕ್ಕೆ ಕೈಯೆತ್ತಿ ನಾನೇ ಬಟ್ಟೆ ಒಣಗಿಸಿದ ದಿನ ಅಕ್ಕ ಚೀಲ ಕಟ್ಟಿದಳು. "ಇನ್ನು ನಂಗೆ ಕೆಲಸ ಇಲ್ಲ. ಅಲ್ಲಿ ನಿನ್ನ ಭಾವ ಟೊಮೇಟೊ ಕೊಳೆಸ್ತಾ ಕೂತಿರ್ತಾರೆ." ಬಸ್ಸಿಗೆ ಹತ್ತಿಸಿ ಬಂದು, ಮೊದಲ ಸಲ ಟೈಲರಿನ ಅಂಗಡಿಗೆ ಹೋಗಿ, "ಅಳತೆ ತಗೊಳ್ರಿ" ಎಂದೆ. ಟೈಲರ್ ಹೆಂಗಸು ಟೇಪು ಸುತ್ತುವಾಗ ನನಗೆ ಕುಣಿಯುವ ಹಾಗಾಗಿತ್ತು.

ಈಚೆಗೆ ಅಕ್ಕನಿಂದ ಫೋನು. "ನಮ್ಮ ಅಂಗಡಿಗೆ ಬರೋಳು ಒಬ್ಬಳು ಇದಾಳೆ, ಹುಂಚದ ಕಡೆಯೋಳು. ಯಾವಾಗ್ಲೂ ಎದೆ ಮೇಲೆ ಚೀಲ ಅಪ್ಪಿ ಹಿಡ್ಕಂಡೇ ನಿಲ್ತಾಳೆ. ಕೇಳೇಬಿಟ್ಟೆ. ನಿಂದೇ ಕತೆ ಅವಳ್ದೂ. ನಾ ಎಷ್ಟು ಹೇಳಿದ್ರೂ ನಂಬ್ತಿಲ್ಲ. ಕಳಿಸ್ತಿದೀನಿ. ಬಾಯಲ್ಲಿ ಹೇಳಿ ಅಟ್ಟಬ್ಯಾಡ, ತೋರ್ಸು."

ಬಂದವಳು ಮೂವತ್ತೈದರ ಆಸುಪಾಸಿನ ಹೆಂಗಸು, ಶಾಲೆಯ ಟೀಚರ್. ಕಾಫಿ ಕೊಟ್ಟೆ. ಲೋಟವನ್ನು ಒಂದೇ ಕೈಯಲ್ಲಿ ಹಿಡಿದಳು, ಇನ್ನೊಂದು ಕೈ ಸೆರಗಿನ ಮೇಲೆ. ನೋವಿನ ಮಾತು, ಹೊಲಿಗೆಯ ಮಾತು ಎಲ್ಲ ಹೇಳಿದೆ. ತಲೆಯಾಡಿಸಿದಳು. ಕಣ್ಣಲ್ಲಿ ನಂಬಿಕೆಯಿರಲಿಲ್ಲ. ಅಕ್ಕನ ಋಣ ತೀರಿಸುವುದಾದರೆ ಹೇಗೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಸೀರೆ ಕೊಟ್ಟರೆ ಬೇರೆಯವರಿಗೆ ಉಡಿಸುತ್ತಾಳೆ, ಹೊಗಳಿದರೆ ಬೈಯುತ್ತಾಳೆ. ಅವಳು ನನ್ನ ಕಟ್ಟಿದ ಕೈ ಬಿಡಿಸಿದಂತೆ ಇನ್ನೊಬ್ಬರ ಕೈ ಬಿಡಿಸುವುದೊಂದೇ ದಾರಿ ಎಂದು ಅಂದು ಹೊಳೆಯಿತು.

ಎದ್ದು ಬಾಗಿಲ ಚಿಲಕ ಹಾಕಿದೆ. ಕಿಟಕಿಯ ಬೆಳಕಿಗೆ ನಿಂತು ರವಿಕೆಯ ಗುಂಡಿ ತೆಗೆದೆ.

ಅವಳು ಎರಡು ಹೆಜ್ಜೆ ಹತ್ತಿರ ಬಂದಳು. ಆ ಕಡೆ ನೋಡಿದಳು, ಈ ಕಡೆ ನೋಡಿದಳು, ಮತ್ತೆ ಆ ಕಡೆ. ಸೆರಗಿನ ಮೇಲಿದ್ದ ಕೈ ಯಾವಾಗ ಜಾರಿತೋ ಅವಳಿಗೇ ಗೊತ್ತಿಲ್ಲ.

"ಅಕ್ಕಾ, ಹೊಸದು ಯಾವ್ದು ಇದ್ರಲ್ಲಿ?"

ಉತ್ತರ ಹೇಳಲು ಬಾಯಿ ತೆರೆದ ನಾನೂ ಒಂದು ಗಳಿಗೆ ಬಗ್ಗಿ ನೋಡಿಕೊಳ್ಳಬೇಕಾಯಿತು.